ಮಾವನವರಿಗೆ ಕಿಡ್ನಿ ತೊಂದರೆ, ತೋಟದ ತುಂಬ ಹಣ್ಣು. ಯಾವುದು, ಎಷ್ಟು ಕೊಡಬಹುದು?

ಮದ್ದೂರು ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಮಾವನವರಿಗೆ 67 ವರ್ಷ. ಶುಗರ್ ಹದಿನೈದು ವರ್ಷದಿಂದ ಇದೆ, ಬಿಪಿಯೂ ಇದೆ. ಹೋದ ವರ್ಷ ಕಾಲು ಊದಿಕೊಂಡಿತು ಅಂತ ತೋರಿಸಿದಾಗ ಕಿಡ್ನಿ ವಿಷಯ ಗೊತ್ತಾಯಿತು. ಈಗ ಕ್ರಿಯಾಟಿನಿನ್ 2.9, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಲೆಕ್ಕ) 23. ನಾಲ್ಕನೇ ಹಂತ ಅಂತೆ. ಡಯಾಲಿಸಿಸ್ ಸದ್ಯಕ್ಕೆ ಬೇಡ ಅಂದಿದ್ದಾರೆ. ನಾಲ್ಕು ದಿನದ ಹಿಂದೆ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.7 ಬಂತು. ಡಾಕ್ಟರ್ ರಿಪೋರ್ಟ್ ನೋಡಿ, "ಹಣ್ಣು, ಎಳನೀರು ಎಲ್ಲ ಬಂದ್, ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ" ಅಂದರು. ಹೊರಗೆ ಐವತ್ತು ಜನ ಕಾಯುತ್ತಿದ್ದರು, ಜಾಸ್ತಿ ಕೇಳೋಕೆ ಆಗಲಿಲ್ಲ. ಕೈಗೆ ಒಂದು ಚೀಟಿ ಕೊಟ್ಟು ಕಳಿಸಿದರು. ಚೀಟಿ ಪೂರ್ತಿ ಇಂಗ್ಲಿಷ್. ತಿನ್ನಬಾರದ್ದು ಅಂತ ಬರೆದಿರೋದು ಕಿವಿ, ಅವಕಾಡೊ, ಪ್ರೂನ್ಸ್. ನಮ್ಮ ಮಾವ ಅವಕಾಡೊ ಕಣ್ಣಲ್ಲೂ ಕಂಡಿಲ್ಲ. ಹಲಸಿನ ಹೆಸರೇ ಅದರಲ್ಲಿ ಇಲ್ಲ.

ತೋಟದಲ್ಲಿ ಇರೋದು ಹೇಳ್ತೀನಿ: ತೆಂಗು, ಏಲಕ್ಕಿ ಬಾಳೆ, ಬಾದಾಮಿ ಮಾವು ಎರಡು ಮರ, ಸಪೋಟ, ಸೀಬೆ, ಪರಂಗಿ, ಬೇಲಿ ಪಕ್ಕ ಒಂದು ದೊಡ್ಡ ಹಲಸು. ಇದು ಮೇ ತಿಂಗಳು. ಹಲಸು ಹಣ್ಣಾಗಿ ಪಡಸಾಲೆ ಪೂರ್ತಿ ಘಮ ಅನ್ನುತ್ತಿದೆ. ಅವರೇ ನೆಟ್ಟ ಮರ. ಮೊನ್ನೆ ನಾನು ಹಣ್ಣು ಬಿಡಿಸುತ್ತಾ ಕೂತಿದ್ದೆ. ಕೈಗೆ ಎಣ್ಣೆ ಸವರಿಕೊಂಡು ಅವರೂ ಎದುರಿಗೆ ಬಂದು ಕೂತರು. ಒಂದೊಂದೇ ತೊಳೆ ಬಿಡಿಸಿ ತಟ್ಟೆಗೆ ಹಾಕಿದರು, ಒಂದೂ ಬಾಯಿಗೆ ಹಾಕಲಿಲ್ಲ. ಕೊನೆಗೆ, "ಏನವ್ವಾ, ಮದ್ದೂರು ಮಾರ್ಕೆಟ್ಟಿಗೆ ವಾರಕ್ಕೆ ಐನೂರು ಎಳನೀರು ಹಾಕೋನು ನಾನು. ಬೆಳ್ದೋನ್ ಬಾಯಿಗೆ ಮಣ್ಣಾ?" ಅಂದರು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ಅತ್ತೆ, "ಇರೋ ನಾಲ್ಕು ದಿನ ಬಾಯಿ ಕಟ್ಟಬೇಡಿ, ತಿನ್ನಲಿ" ಅಂತಾರೆ. ನಮ್ಮ ಮನೆಯವರು, "ಒಂದು ತೊಳೆಯೂ ಬೇಡ" ಅಂತಾರೆ. ಮಧ್ಯ ನಾನು.

ನೆಟ್‌ನಲ್ಲಿ ಒಂದು ಪಟ್ಟಿ ಸಿಕ್ಕಿತು. ಅದರಲ್ಲಿ ಕಮರಾಕ್ಷಿ ಹಣ್ಣಿಗೆ ಪೊಟ್ಯಾಸಿಯಂ ಕಮ್ಮಿ ಅಂತ ಇದೆ. ಹಿತ್ತಲಲ್ಲಿ ಒಂದು ಗಿಡ ಇದೆ, ಈಗ ಏಳೆಂಟು ಹಣ್ಣೂ ಇವೆ. ಹುಳಿ, ಸಿಹಿ ಅಷ್ಟಿಲ್ಲ, ಶುಗರ್‌ಗೂ ಒಳ್ಳೇದೇ ಅಲ್ವಾ? ಉಪ್ಪು ಖಾರ ಹಚ್ಚಿ ಅದನ್ನೇ ಕೊಡೋಣ ಅಂದುಕೊಂಡಿದ್ದೇನೆ. ತಿಳಿದವರು ಹೇಳಿ.

---

ಕಾವೇರಿ ತೀರ

ಸಿಸ್ಟರ್, ಇಷ್ಟೊಂದು ಯೋಚನೆ ಬೇಡ. ಬಾಳೆದಿಂಡಿನ ರಸ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಕೊಡಿ. ಜೊತೆಗೆ ಎಳನೀರು. ನಮ್ಮ ಭಾವನಿಗೆ ಕಿಡ್ನಿ ಪ್ರಾಬ್ಲಂ ಹೀಗೇ ಸರಿಹೋಯಿತು. ಇಂಗ್ಲಿಷ್ ಮಾತ್ರೆಯಿಂದಲೇ ಕಿಡ್ನಿ ಹೋಗೋದು.

---

ಚಾಮುಂಡಿಪುರಂ ಮೇಷ್ಟ್ರು

ಅಮ್ಮಾ, ಮೊದಲು ಎದ್ದುಹೋಗಿ ಆ ಕಮರಾಕ್ಷಿ ಹಣ್ಣುಗಳನ್ನೆಲ್ಲ ಕಿತ್ತು ಮಾವನವರ ಕೈಗೆ ಸಿಗದ ಹಾಗೆ ಮಾಡಿ ಬನ್ನಿ. ಆಮೇಲೆ ಇದನ್ನು ಓದಿ.

ನಾನು ಡಾಕ್ಟರಲ್ಲ, ಕಾಯಿಲೆಯವನು. ಮೈಸೂರಿನಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರಾಗಿದ್ದೆ. ಈಗ ನಾಲ್ಕು ವರ್ಷದಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿ. ಪ್ರತಿ ಸಲ ನಾಲ್ಕು ಗಂಟೆ. ಓದೋಕೆ ಬೇಕಾದಷ್ಟು ಸಮಯ ಸಿಗುತ್ತೆ ನೋಡಿ, ಹಾಗಾಗಿ ಇದನ್ನೆಲ್ಲ ಓದಿಕೊಂಡಿದ್ದೇನೆ.

ನಿಮ್ಮ ಪಟ್ಟಿ ಸುಳ್ಳು ಹೇಳಿಲ್ಲ. ಕಮರಾಕ್ಷಿಯಲ್ಲಿ ಪೊಟ್ಯಾಸಿಯಂ 100 ಗ್ರಾಂಗೆ 130 ಮಿಲಿಗ್ರಾಂ ಆಸುಪಾಸು, ಕಮ್ಮಿಯೇ. ಆದರೆ ಆ ಹಣ್ಣಿನ ತಕರಾರು ಪೊಟ್ಯಾಸಿಯಂ ಅಲ್ಲವೇ ಅಲ್ಲ. ಅದರಲ್ಲಿ ಕ್ಯಾರಂಬಾಕ್ಸಿನ್ ಅನ್ನೋ ವಿಷ ಇದೆ. 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಕಿಡ್ನಿ ಚೆನ್ನಾಗಿರೋರಿಗೆ ಅದು ಮೂತ್ರದಲ್ಲಿ ಹೋಗಿಬಿಡುತ್ತೆ. ನಮ್ಮಂಥವರಿಗೆ ರಕ್ತದಲ್ಲೇ ನಿಂತು ಮಿದುಳಿಗೆ ಹತ್ತುತ್ತೆ. ಮೊದಲು ಬಿಕ್ಕಳಿಕೆ, ಏನು ಮಾಡಿದರೂ ನಿಲ್ಲದ ಬಿಕ್ಕಳಿಕೆ. ಆಮೇಲೆ ವಾಂತಿ, ಮಾತು ತಡವರಿಸೋದು, ಗೊಂದಲ, ಕೊನೆಗೆ ಫಿಟ್ಸ್. ತಿಂದ ಕೆಲವೇ ಗಂಟೆಯಲ್ಲಿ ಶುರುವಾಗಬಹುದು. ಜೀವ ಹೋದದ್ದೂ ಇದೆ. ಅರ್ಧ ಹಣ್ಣು ತಿಂದು ಆಸ್ಪತ್ರೆ ಸೇರಿದವರ ವರದಿಗಳಿವೆ. ಹಾಗಾದಾಗ ಮನೆಮದ್ದು ಅಂತ ಕೂರಬಾರದು, ಡಯಾಲಿಸಿಸ್ ಇರೋ ಆಸ್ಪತ್ರೆಗೆ ಓಡಬೇಕು, "ಕಮರಾಕ್ಷಿ ತಿಂದಿದ್ದಾರೆ" ಅಂತ ಬಾಯಿಬಿಟ್ಟು ಹೇಳಬೇಕು. ಸ್ಟಾರ್ ಫ್ರೂಟ್ ಅಂದರೆ ಬೇಗ ಅರ್ಥವಾಗುತ್ತೆ. ಮಲೆನಾಡಿನ ಕಡೆ ಇದನ್ನೇ ಧಾರೆಹುಳಿ ಅಂತಾರೆ. ಹೋದ ವರ್ಷ ತಿಂದಿದ್ದರು, ಏನೂ ಆಗಲಿಲ್ಲ ಅಂತ ಯಾರಾದರೂ ಅಂದರೂ ಕೇಳಬೇಡಿ. ಹೋದ ವರ್ಷದ ಕಿಡ್ನಿ ಈ ವರ್ಷ ಇಲ್ಲ.

ಇದರ ಜಾತಿಯದೇ ಇನ್ನೊಂದು ಬಿಂಬುಳಿ. ಕೊಲೆಸ್ಟ್ರಾಲ್ ಇಳಿಯಲಿ ಅಂತ ಅದರ ರಸ ಕುಡಿದು ಕೇರಳದಲ್ಲಿ ಜನ ಕಿಡ್ನಿ ಕೆಡಿಸಿಕೊಂಡದ್ದನ್ನು ಅಲ್ಲಿನ ವೈದ್ಯರೇ 2013ರಲ್ಲಿ ಬರೆದಿದ್ದಾರೆ. ಅಲ್ಲಿ ತಪ್ಪು ಆ ಹಣ್ಣಿನಲ್ಲಿರೋ ಆಕ್ಸಲೇಟ್ ಅನ್ನೋ ಇನ್ನೊಂದು ಅಂಶದ್ದು. ಅದೂ ಬೇಡ.

ಈಗ ಮಿಕ್ಕ ಹಣ್ಣು. ಇಲ್ಲಿ ಕತೆ ಬೇರೆ, ಇಲ್ಲಿ ಲೆಕ್ಕ ಪೊಟ್ಯಾಸಿಯಂನದು. ರಕ್ತದಲ್ಲಿ 3.5ರಿಂದ 5 ಇದ್ದರೆ ಸರಿ. ಜಾಸ್ತಿ ಆದರೆ ಏಟು ಬೀಳೋದು ಹೃದಯದ ಬಡಿತಕ್ಕೆ. ನನ್ನದೇ ಹೇಳ್ತೀನಿ. ಡಯಾಲಿಸಿಸ್ ಶುರುವಾದ ಮೊದಲ ವರ್ಷ, ಹುಣಸೂರಿನಲ್ಲಿ ನೆಂಟರ ಮನೆ ಗೃಹಪ್ರವೇಶ. ಭಾನುವಾರ. ಶುಕ್ರವಾರ ಡಯಾಲಿಸಿಸ್ ಆಗಿತ್ತು, ಮುಂದಿನದು ಸೋಮವಾರ. ಊಟ ಆದಮೇಲೆ ಹಲಸಿನ ತಟ್ಟೆ ಬಂತು. ಮಾತಾಡುತ್ತಾ ಹನ್ನೆರಡು ತೊಳೆ ತಿಂದೆ. ಮೇಲೆ ಒಂದು ಎಳನೀರು. ಎದೆ ನೋವು ಏನೂ ಬರಲಿಲ್ಲ. ಬೆಳಿಗ್ಗೆ ಎದ್ದರೆ ಕಾಲು ಹತ್ತಿಯ ಹಾಗೆ, ಬಚ್ಚಲಿನ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಪೊಟ್ಯಾಸಿಯಂ 7.1. ಇಸಿಜಿ ಚೀಟಿ ನೋಡಿ ಸಿಸ್ಟರ್ ಮುಖ ಬಿಳುಪಾಯಿತು. ಸರದಿ ತಪ್ಪಿಸಿ ನನ್ನನ್ನೇ ಮೊದಲು ಮೆಷಿನ್‌ಗೆ ಹಾಕಿದರು.

ಅವತ್ತೇ ಸಂಜೆ ಮಗಳು ಅಡುಗೆಮನೆ ತಕ್ಕಡಿ ತಂದುಕೊಟ್ಟಳು, ಸೊನ್ನೆಗೆ ಬಂದು ನಿಲ್ಲುತ್ತಲ್ಲ, ಆ ಕರೆಂಟಿನದು. ಮೊದಲು ತೂಗಿದ್ದು ಹಲಸಿನ ತೊಳೆ. ಬೀಜ ತೆಗೆದರೆ ಒಂದಕ್ಕೆ 22ರಿಂದ 25 ಗ್ರಾಂ. ಹಲಸಿನಲ್ಲಿ 100 ಗ್ರಾಂಗೆ ಸುಮಾರು 450 ಮಿಲಿಗ್ರಾಂ ಪೊಟ್ಯಾಸಿಯಂ. ಅಂದರೆ ತೊಳೆಗೆ ನೂರರ ಹತ್ತಿರ. ಹನ್ನೆರಡು ತಿಂದಿದ್ದೆ, ನೀವೇ ಗುಣಿಸಿ. ನನಗೆ ಇಡೀ ದಿನಕ್ಕೆ ಡಯಟೀಷಿಯನ್ ಬರೆದುಕೊಟ್ಟಿದ್ದು 2000.

ಬಾಳೆಹಣ್ಣು ತೂಗಿದಾಗ ಆಶ್ಚರ್ಯ ಆಯಿತು. ದೇವರಾಜ ಮಾರ್ಕೆಟ್ಟಿನಿಂದ ತಂದ ಪಚ್ಚಬಾಳೆ ಸಿಪ್ಪೆ ಸುಲಿದರೆ 118 ಗ್ರಾಂ. ಏಲಕ್ಕಿ ಬಾಳೆ 44. ಬಾಳೆಗೆ 100 ಗ್ರಾಂಗೆ ಸುಮಾರು 360 ಅಂತ ಹಿಡಿದರೂ ಒಂದರಲ್ಲಿ 420, ಇನ್ನೊಂದರಲ್ಲಿ 160. ಚೀಟಿಯಲ್ಲಿ ಎರಡಕ್ಕೂ "ಬನಾನಾ" ಅಂತ ಒಂದೇ ಮಾತು! ನಂಜನಗೂಡು ರಸಬಾಳೆಗೆ ಮಾತ್ರ ನಾನು ವರ್ಷಕ್ಕೊಂದು ಸಲ ಅರ್ಧ ಅಂತ ರಿಯಾಯಿತಿ ಕೊಟ್ಟುಕೊಂಡಿದ್ದೇನೆ. ಅದನ್ನು ತೂಗಲ್ಲ.

ನಿಮ್ಮ ತೋಟದ ಮಿಕ್ಕವು, 100 ಗ್ರಾಂ ತಿರುಳಿಗೆ ಸುಮಾರಾಗಿ: ಮಾವು 170, ಪರಂಗಿ 180, ಸಪೋಟ 190. ಇವು ನಡುವಿನವು. ಸೀಬೆ ಮಾತ್ರ ಬಡವನ ಸೇಬು ಅಂತ ನಂಬಬೇಡಿ, ಅದು 420, ಬಾಳೆಗಿಂತ ಮೇಲೆ. ಸೇಬು, ಅನಾನಸ್ ಎರಡೂ 110ರ ಹತ್ತಿರ, ನೇರಳೆ ಇನ್ನೂ ಕಮ್ಮಿ. ಕಲ್ಲಂಗಡಿಯೂ 110ರ ಹತ್ತಿರವೇ, ಆದರೆ ಕಲ್ಲಂಗಡಿಯನ್ನು ನೂರು ಗ್ರಾಂ ತಿಂದು ನಿಲ್ಲಿಸಿದವರನ್ನು ನಾನು ನೋಡಿಲ್ಲ. ನಮ್ಮಂಥ ಡಯಾಲಿಸಿಸ್‌ನವರಿಗೆ ಅದರ ನೀರೂ ಲೆಕ್ಕಕ್ಕೆ ಬರುತ್ತೆ. ಒಣಗಿಸಿದ್ದು ಯಾವುದೂ ಬೇಡ. ಖರ್ಜೂರ, ಒಣದ್ರಾಕ್ಷಿ, ಗಂಜಾಂ ಕಡೆಯ ಅಂಜೂರ ಇದ್ದರೆ ಅದನ್ನು ಒಣಗಿಸಿದ್ದು, ನೀರು ಹೋಗಿ ಪೊಟ್ಯಾಸಿಯಂ ಅಷ್ಟೂ ಉಳಿದಿರುತ್ತೆ. ಜ್ಯೂಸೂ ಬೇಡ. ನಾಲ್ಕು ಹಣ್ಣು ಒಂದು ಲೋಟಕ್ಕೆ ಇಳಿದುಬಿಡುತ್ತೆ, ನಾರು ಚರಂಡಿಗೆ ಹೋಗುತ್ತೆ.

ಎಳನೀರು: 100 ಮಿಲಿಗೆ 250 ಆಸುಪಾಸು. ಒಂದು ಬುರುಡೆಯಲ್ಲಿ 300 ಮಿಲಿ ಅಂದರೂ 750. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಬಿಡಬೇಕು, ಅಷ್ಟೇ.

ಹಾಗಂತ ಇವತ್ತೇ ಅಳೆದು ಕೊಡೋಕೆ ಶುರು ಮಾಡಬೇಡಿ. 5.7 ಅಂದರೆ ಡಾಕ್ಟರ್ ಹೇಳಿದ್ದೇ ಸರಿ, ಈಗ ಬಂದ್. ಅದು ಇಳಿದ ಮೇಲೆ ಎಷ್ಟು ಅಂತ ಅವರನ್ನೇ ಕೇಳಿ.

ಇನ್ನು ನನಗೆ ಕಾಡುತ್ತಿರೋ ಪ್ರಶ್ನೆ. ನಿಮ್ಮ ಮಾವನವರು ತೊಳೆ ಬಾಯಿಗೆ ಹಾಕದೇ ಇರೋವಷ್ಟು ಗಟ್ಟಿ ಮನುಷ್ಯ. ಆದರೂ 5.7 ಹೇಗೆ ಬಂತು? ಹಣ್ಣೊಂದನ್ನೇ ಹಿಡಿದುಕೊಂಡು ಕೂರಬೇಡಿ. ಅಡುಗೆಗೆ ಯಾವ ಉಪ್ಪು ಹಾಕುತ್ತೀರಿ? ಬಸ್ಸಾರು ವಾರಕ್ಕೆ ಎಷ್ಟು ಸಲ? ಎರಡಕ್ಕೂ ಉತ್ತರ ಬರೆಯಿರಿ.

ಕಾವೇರಿ ತೀರದವರೇ, ನಿಮ್ಮ ಭಾವನಿಗೆ ಇದ್ದದ್ದು ಕಲ್ಲು ಇರಬೇಕು. ಕಲ್ಲಿನವರಿಗೆ ನೀರು ಜಾಸ್ತಿ ಕುಡಿಯಿರಿ ಅಂತಾರೆ, ಬಾಳೆದಿಂಡು, ಎಳನೀರು ಅವರು ಕುಡಿದುಕೊಳ್ಳಲಿ. ಕಿಡ್ನಿಯೇ ಸೋತವರಿಗೆ ಆ ರಸದಲ್ಲಿ ಇರೋದೂ ಪೊಟ್ಯಾಸಿಯಮ್ಮೇ. ಹೆಸರು ಒಂದೇ "ಕಿಡ್ನಿ ಪ್ರಾಬ್ಲಂ", ಕಾಯಿಲೆ ಎರಡು.

---

ರಾತ್ರಿ ಪಾಳಿ ಸಿಸ್ಟರ್

ಮೇಷ್ಟ್ರು ಹೇಳಿದ್ದಕ್ಕೆ ನಾಲ್ಕು ಮಾತು ಸೇರಿಸುತ್ತೇನೆ. ಮಂಡ್ಯದಲ್ಲಿ ಡಯಾಲಿಸಿಸ್ ವಾರ್ಡಿನಲ್ಲಿ ಕೆಲಸ ನನ್ನದು.

ಹಲಸು, ಮಾವಿನ ಕಾಲ ಬಂದರೆ ಸೋಮವಾರ, ಮಂಗಳವಾರದ ಬೆಳಗ್ಗೆ ನಮಗೆ ಭಯ. ಎರಡು ದಿನ ಗ್ಯಾಪ್ ಆಗಿರುತ್ತೆ, ಮಧ್ಯೆ ಮದುವೆ ಊಟವೂ ಆಗಿರುತ್ತೆ. ಪೊಟ್ಯಾಸಿಯಂ ಏರಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಮೇಷ್ಟ್ರಿಗೆ ಕಾಲಾದರೂ ಸೋತಿತು. ಕೆಲವರು ನಗುನಗುತ್ತಾ ಮಾತಾಡುತ್ತಿರುತ್ತಾರೆ, ರಿಪೋರ್ಟ್ 6.8. ಅದಕ್ಕೇ ಮೈ ಚೆನ್ನಾಗಿದೆ ಅನ್ನೋದನ್ನು ನಂಬಬೇಡಿ, ರಿಪೋರ್ಟ್ ನಂಬಿ.

ಹಾಗಂತ ರಿಪೋರ್ಟೂ ಒಮ್ಮೊಮ್ಮೆ ಸುಳ್ಳು ಹೇಳುತ್ತೆ. ರಕ್ತ ತೆಗೆಯುವಾಗ ಸೂಜಿ ಸರಿಯಾಗಿ ಸಿಗದೆ ಎಳೆದಾಡಿದರೆ, ಇಲ್ಲವೇ ಸ್ಯಾಂಪಲ್ ಬಹಳ ಹೊತ್ತು ಇಟ್ಟರೆ, ರಕ್ತಕಣ ಒಡೆದು ಪೊಟ್ಯಾಸಿಯಂ ಜಾಸ್ತಿ ತೋರಿಸುತ್ತೆ. ಮತ್ತೆ ಪರೀಕ್ಷೆ ಮಾಡಿಸಿ ಅಂದಿದ್ದಾರಲ್ಲ, ವಾರ ಕಾಯದೆ ನಾಳೆಯೇ ಮಾಡಿಸಿ. ಇಸಿಜಿಯೂ ಒಂದು ಆಗಲಿ. ಸುಸ್ತು, ಎದೆ ಬಡಿತ ತಪ್ಪಿದ ಹಾಗೆ, ಕಾಲು ಸೋತ ಹಾಗೆ ಅನ್ನಿಸಿದರೆ ನಾಳೆಯೂ ಅಲ್ಲ, ಈಗಲೇ.

ಬಿಪಿ ಮಾತ್ರೆ ಯಾವುದು ಅಂತ ನೋಡಿ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲ ಪೊಟ್ಯಾಸಿಯಂ ಏರಿಸುತ್ತವೆ. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಕಿಡ್ನಿ ಉಳಿಸೋಕೂ ಅವೇ ಬೇಕಾಗಿರುತ್ತವೆ. ಡೋಸ್ ಬದಲಿಸೋದು, ಪೊಟ್ಯಾಸಿಯಂ ಹಿಡಿದು ಮಲದಲ್ಲಿ ಹೊರಹಾಕೋ ಪುಡಿ ಕೊಡೋದು ಡಾಕ್ಟರ್ ಕೆಲಸ. ಮಲಬದ್ಧತೆ ಇದ್ದರೂ ಹೇಳಿ, ಕಿಡ್ನಿ ಸೋತಾಗ ಸ್ವಲ್ಪ ಪೊಟ್ಯಾಸಿಯಂ ಹೋಗೋದು ಆ ದಾರಿಯಲ್ಲೇ. ಶುಗರ್ ಇಳಿದು ಬೆವರಿದರೆ ಎಳನೀರು, ಮೂಸಂಬಿ ರಸ ಕೊಡಬೇಡಿ. ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರು ಸಾಕು.

ಇನ್ನೊಂದು. ಮೊದಲು ನಾವೂ ಕಿಡ್ನಿ ಅಂದ ತಕ್ಷಣ ಎಲ್ಲರಿಗೂ ಹಣ್ಣು ಬಂದ್ ಅನ್ನುತ್ತಿದ್ದೆವು. ಈಗ ಕೆಡಿಗೊ ಅನ್ನೋ ಅಂತಾರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2024ರ ಮಾರ್ಗಸೂಚಿಯೂ ಒಬ್ಬೊಬ್ಬರ ರಿಪೋರ್ಟ್ ನೋಡಿ ತೀರ್ಮಾನ ಮಾಡಿ ಅನ್ನುತ್ತೆ. ಪೊಟ್ಯಾಸಿಯಂ ಸರಿ ಇರೋರಿಗೆ ಸುಮ್ನೆ ಹಣ್ಣು ಬಿಡಿಸೋ ಅಗತ್ಯ ಇಲ್ಲ. ಹಣ್ಣಿನಲ್ಲಿರೋದು ನಾರಿನ ಜೊತೆ ಹೋಗುತ್ತೆ, ಮೈಗೆ ಪೂರ್ತಿ ಹತ್ತಲ್ಲ. ಪ್ಯಾಕೆಟ್ ತಿಂಡಿಗೆ ಬೆರೆಸಿರೋದು ಬೇಗ ಹತ್ತುತ್ತೆ. ನಿಮ್ಮ ಮಾವನವರದು ಏರಿದೆ, ಹಾಗಾಗಿ ಈಗ ನಿಲ್ಲಿಸಿ. ಯಾವಾಗಲೂ ಹೀಗೇ ಅಂತಲ್ಲ.

---

ಮದ್ದೂರು ಸೊಸೆ

ಮೇಷ್ಟ್ರೇ, ಕೈ ನಡುಗುತ್ತಿದೆ. ಕಮರಾಕ್ಷಿ ಕಿತ್ತು ತಿಪ್ಪೆಗೆ ಹಾಕಿ ಮೇಲೆ ಸಗಣಿ ಮುಚ್ಚಿ ಬಂದೆ. ಇನ್ನೊಂದು ದಿನ ತಡವಾಗಿದ್ದರೆ ನಾನೇ ಕೊಟ್ಟಿರುತ್ತಿದ್ದೆ.

ಉಪ್ಪಿನ ವಿಷಯ ಕೇಳಿದಿರಲ್ಲ. ಎರಡು ತಿಂಗಳ ಹಿಂದೆ ಉಪ್ಪು ಕಮ್ಮಿ ಮಾಡಿ ಅಂತ ಹೇಳಿದ್ದರು. ಮೈಸೂರಿನಲ್ಲಿರೋ ನಾದಿನಿ, ಬಿಪಿಯವರಿಗೆ ಒಳ್ಳೇದು ಅಂತ ಸೋಡಿಯಂ ಕಮ್ಮಿ ಇರೋ ಉಪ್ಪು ತಂದುಕೊಟ್ಟಳು. ಮಾಮೂಲಿ ಉಪ್ಪಿನ ಎರಡರಷ್ಟು ಬೆಲೆ. ಅದನ್ನೇ ಹಾಕುತ್ತಿದ್ದೆ. ರುಚಿ ಸಪ್ಪೆ ಅಂತ ಅತ್ತೆ ಒಂದು ಚಿಟಿಕೆ ಜಾಸ್ತಿಯೇ ಹಾಕುತ್ತಿದ್ದರು. ಈಗ ಪ್ಯಾಕೆಟ್ ತಿರುಗಿಸಿ ಓದಿದೆ. ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಂತ ಇದೆ!!

ಬಸ್ಸಾರು ವಾರಕ್ಕೆ ಮೂರು ಸಲ, ಒಮ್ಮೊಮ್ಮೆ ನಾಲ್ಕು. ಮಂಡ್ಯದವರ ಮನೆ ಅಲ್ವಾ, ಮುದ್ದೆಗೆ ಇನ್ನೇನು? ಅದರಲ್ಲೂ ತೊಂದರೆ ಇದೆಯಾ?

---

ಚಾಮುಂಡಿಪುರಂ ಮೇಷ್ಟ್ರು

ಸಿಕ್ಕಿಬಿತ್ತು ಕಳ್ಳ. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಚೆನ್ನಾಗಿರೋ ಬಿಪಿಯವರಿಗೆ ಸರಿಯೇ. ನಮಗೆ ಅದು ದಿನಾ ಮೂರು ಹೊತ್ತೂ ಹೊಟ್ಟೆಗೆ ಹೋಗೋ ಪೊಟ್ಯಾಸಿಯಂ. ಪಾಪ, ಹಲಸಿನ ಮರದ ಮೇಲೆ ಅಪವಾದ ಬಂತು. ನಾದಿನಿಯನ್ನು ಬಯ್ಯಬೇಡಿ, ಒಳ್ಳೆ ಮನಸ್ಸಿನಿಂದಲೇ ತಂದಿದ್ದಾಳೆ. ಆದರೆ ಆ ಪ್ಯಾಕೆಟ್ ಡಾಕ್ಟರ್‌ಗೆ ತೋರಿಸಲೇಬೇಕು, ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ, ನಿಂಬೆಹುಳಿ ಸ್ವಲ್ಪ ಹಿಂಡಿ.

ಬಸ್ಸಾರು ಹೀಗೆ. ಸೊಪ್ಪು, ಕಾಳು ಚೆನ್ನಾಗಿ ನೀರು ಹಾಕಿ ಬೇಯಿಸಿದರೆ ಪೊಟ್ಯಾಸಿಯಂ ಸುಮಾರು ಪಾಲು ನೀರಿಗೆ ಇಳಿಯುತ್ತೆ. ಡಯಟೀಷಿಯನ್‌ಗಳು ಬೇಯಿಸಿ ನೀರು ಚೆಲ್ಲಿ ಅನ್ನೋದು ಅದಕ್ಕೇ. ನಾವು ಏನು ಮಾಡುತ್ತೇವೆ? ಬಸಿದ ಆ ಕಟ್ಟನ್ನೇ ಸಾರು ಮಾಡಿ ಮುದ್ದೆ ನುಂಗುತ್ತೇವೆ. ಹಾಗಾಗಿ ಮಾವನವರ ತಟ್ಟೆಗೆ ಪಲ್ಯ ಹಾಕಿ, ಸಾರು ನಿಮ್ಮ ತಟ್ಟೆಗೆ. ಅವರಿಗೆ ಬೇರೆ ತೆಳು ಸಾರು ಒಂದು ಮಾಡಿಕೊಡಿ. ಬಯ್ತಾರೆ. ಬಯ್ಯಲಿ, ನಾನೂ ಮನೆಯವಳನ್ನು ಆರು ತಿಂಗಳು ಬಯ್ದಿದ್ದೆ.

---

ಮದ್ದೂರು ಸೊಸೆ

ಮೂರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಮಾರನೇ ದಿನವೇ ಕರೆದುಕೊಂಡು ಹೋಗಿದ್ದೆವು. 5.6 ಇತ್ತು, ಅಂದರೆ ರಿಪೋರ್ಟ್ ಸುಳ್ಳಲ್ಲ. ಇಸಿಜಿ ಸರಿ ಇತ್ತು. ಉಪ್ಪಿನ ಪ್ಯಾಕೆಟ್ ಮೇಜಿನ ಮೇಲಿಟ್ಟೆ. ಡಾಕ್ಟರ್ ಒಂದು ಸಲ ನೋಡಿ, ಇದನ್ನು ಯಾರು ಕೊಡೋಕೆ ಹೇಳಿದ್ದು ಅಂದರು. ನಾದಿನಿ ಹೆಸರು ಹೇಳಲಿಲ್ಲ ನಾನು. ಮಾತ್ರೆ ಹಾಗೇ ಇರಲಿ, ಒಂದು ಪುಡಿ ಹತ್ತು ದಿನ ಕೊಡಿ ಅಂದರು. ಮೊನ್ನೆ ಮತ್ತೆ ಮಾಡಿಸಿದೆವು, 4.9. ಈ ಸಲ ನಾನು ಕನ್ನಡದಲ್ಲಿ ಹಣ್ಣಿನ ಹೆಸರು ಬರೆದುಕೊಂಡು ಹೋಗಿದ್ದೆ. ದಿನಕ್ಕೆ ಒಂದೇ ಬಗೆ, ನೂರು ಗ್ರಾಂ ಮೀರಬಾರದು, ಹಲಸಾದರೆ ಎರಡೇ ತೊಳೆ, ಅದೂ ವಾರಕ್ಕೆ ಎರಡು ದಿನ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಎಳನೀರಿಗೆ, ಸೀಬೆಗೆ, ಕಮರಾಕ್ಷಿಗೆ ಅವರೇ ಪೆನ್ನಿನಿಂದ ಅಡ್ಡಗೆರೆ ಎಳೆದರು. ಕಮರಾಕ್ಷಿಗೆ ಎರಡು ಗೆರೆ.

ಹಲಸು ಮುಗಿಯುತ್ತಾ ಬಂತು. ನಿನ್ನೆ ಎರಡು ತೊಳೆ ಬಟ್ಟಲಲ್ಲಿ ಕೊಟ್ಟೆ. ಜಗುಲಿ ಮೇಲೆ ಕೂತು ಅರ್ಧ ಗಂಟೆ ತಿಂದರು. ಒಂದೊಂದು ಎಳೆ ಕಿತ್ತು ಕಿತ್ತು. ಬೀಜ ಎರಡನ್ನೂ ಬಾಯಲ್ಲಿ ಚೀಪಿ ಬಿಳಿ ಮಾಡಿ ಕಿಟಕಿ ಮೇಲೆ ಇಟ್ಟಿದ್ದಾರೆ.

ಕಮರಾಕ್ಷಿ ಗಿಡ ಕಡಿಸೋಣ ಅಂದರು ನಮ್ಮ ಮನೆಯವರು. ಮಾವ ಬೇಡ ಅಂದರು. "ಅದೇನ್ ಮಾಡ್ತು? ಇಸ್ಕೂಲ್ ಮಕ್ಳು ತಿನ್ಕತವೆ ಬುಡು." ಆದರೆ ಸಂಜೆ ಕೋಲು ಹಿಡಿದು ಹೊರಟರು. ಎಲ್ಲಿಗೆ ಅಂತ ಕೇಳಿದೆ. ಆಚೆ ಬೀದಿಯಲ್ಲಿ ಒಬ್ಬರು ಅಜ್ಜಿ ಡಯಾಲಿಸಿಸ್‌ಗೆ ಮಂಡ್ಯಕ್ಕೆ ಹೋಗಿ ಬರುತ್ತಾರೆ. ಅವರ ಮೊಮ್ಮಗ ನಮ್ಮ ಗಿಡದಿಂದಲೇ ಕಿತ್ತುಕೊಂಡು ಹೋಗುತ್ತಿದ್ದನಂತೆ. ಅವರ ಮನೆಗೆ ಹೋಗಿ ಹೇಳಿ ಬಂದರು.